ಬೆಂಗಳೂರಿನ ಪೌರ ಚುನಾವಣೆ: ಒಂದು ವಿವೇಚನೆ

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಸ್ಥಳೀಯ ಸ್ವಯಮಾಡಳಿತವನ್ನು ಕುರಿತು ಪರೀಕ್ಷೆಯಲ್ಲಿ ಉತ್ತರ ಬರೆಯುತ್ತೇವೆ, ಚೆನ್ನಾಗಿಯೇ ಬರೆಯುತ್ತೇವೆ. 1992ರಲ್ಲಿ ಸಂವಿಧಾನಕ್ಕೆ 74ನೆಯ ತಿದ್ದುಪಡಿಯಾಯಿತು, ಅದು 1993ರ ಜೂನ್ 1ರಿಂದ ಜಾರಿಗೆ ಬಂದಿತು, ಅದರ ಪ್ರಕಾರ ಪ್ರತಿಯೊಂದು ನಗರಸಭೆಯ ಅವಧಿಯೂ ಐದು ವರ್ಷ, ಆ ಅವಧಿ ಮುಗಿಯುವುದರೊಳಗಾಗಿ ಹೊಸ ಸಭೆಯ ಚುನಾವಣೆ ನಡೆದು ಮುಗಿದಿರಬೇಕು, ಇತ್ಯಾದಿ. ಆದರೆ ಈ ಉತ್ತರವನ್ನು ಬರೆಯುವ ಬೆಂಗಳೂರಿನ ವಿದ್ಯಾರ್ಥಿಗಳಲ್ಲಿ ಬಹುಮಟ್ಟಿಗೆ ಯಾರೊಬ್ಬರೂ ತಮ್ಮ ಊರಿನ ನಗರಸಭೆಗೆ ಮತ ಹಾಕಿದವರಲ್ಲ ಎಂಬುದು ಸೋಜಿಗದ ಸಂಗತಿ. ಬೆಂಗಳೂರಿನಲ್ಲಿ ಇಂತಹ ಚುನಾವಣೆ ಕೊನೆಯ ಬಾರಿ ನಡೆದದ್ದು 2015ರ ಆಗಸ್ಟ್ 22ರಂದು. ಅಂದು ಹದಿನೆಂಟು ತುಂಬಿದ್ದವರಿಗೆ ಇಂದು ಇಪ್ಪತ್ತೆಂಟು. ಅವರು ಕಾಲೇಜು ಬಿಟ್ಟು ಎಷ್ಟೋ ಕಾಲವಾಯಿತು. ಅಂದು ನಾವು ಮಗ್ಗಿಯನ್ನು ಬಾಯಿಪಾಠ ಮಾಡುತ್ತಿದ್ದೆವು.

2026ರ ಮೊದಲ ತಿಂಗಳುಗಳಲ್ಲಿ ಈ ಲೇಖನವನ್ನು ಬರೆಯುತ್ತಿರುವಾಗ ಚುನಾವಣೆಯ ಮಾತು ಮತ್ತೆ ಎದ್ದಿದೆ. ಈ ಸಲ ಚುನಾವಣೆ ಒಂದು ಪಾಲಿಕೆಗಲ್ಲ, ಐದು ಪಾಲಿಕೆಗಳಿಗೆ. ಯಾವ ಪಕ್ಷ ಗೆಲ್ಲುತ್ತದೆ ಎಂಬ ಚರ್ಚೆ ಕಾಫಿ ಹೋಟೆಲುಗಳಲ್ಲಿ ಈಗಾಗಲೇ ನಡೆದಿದೆ. ಆದರೆ ಈ ಚುನಾವಣೆ ನಮ್ಮ ಊರಿನ ರಾಜಕೀಯವನ್ನು ಬದಲಾಯಿಸುವುದೇ ಆದರೆ ಪಕ್ಷಗಳ ಗೆಲವು ಸೋಲುಗಳಿಗಿಂತ ಹೆಚ್ಚಾಗಿ ಬೇರೊಂದು ದಾರಿಯಿಂದ ಬದಲಾಯಿಸೀತು ಎಂದು ನನಗೆ ತೋರುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಡೆದದ್ದನ್ನು ಸಂಕ್ಷೇಪವಾಗಿ ಹೇಳಿಬಿಡುವುದು ಒಳ್ಳೆಯದು. 2015ರಲ್ಲಿ ಆರಿಸಿಬಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ಸದಸ್ಯರ ಸಭೆಯ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಅಂದಿನಿಂದ ಆಡಳಿತಾಧಿಕಾರಿಗಳ ಕೈಯಲ್ಲಿ ಊರು ನಡೆಯುತ್ತ ಬಂತು. ವಾರ್ಡುಗಳ ಸಂಖ್ಯೆಯನ್ನು ಹೆಚ್ಚಿಸಬೇಕೆಂದು ಸರ್ಕಾರ ಹೇಳಿತು. 198 ವಾರ್ಡುಗಳಿಗೇ ಚುನಾವಣೆ ನಡೆಸಿರೆಂದು 2020ರ ಡಿಸೆಂಬರಿನಲ್ಲಿ ಹೈಕೋರ್ಟು ಆಜ್ಞೆ ಮಾಡಿದರೆ, ಅದೇ ತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆಯಿತ್ತಿತು. 2022ರಲ್ಲಿ ವಾರ್ಡುಗಳು 243 ಆದುವು; 2023ರಲ್ಲಿ 225ಕ್ಕೆ ಇಳಿದುವು. ಅಷ್ಟರಲ್ಲಿ ಪಾಲಿಕೆಯನ್ನೇ ಒಡೆಯುವ ವಿಚಾರ ಮುಂದೆ ಬಂದು, ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ 15ರಂದು ಜಾರಿಗೆ ಬಂದಿತು; ಅದೇ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಹುಟ್ಟಿದುವು. ನವೆಂಬರಿನಲ್ಲಿ ವಾರ್ಡುಗಳ ಕೊನೆಯ ಪಟ್ಟಿ ಹೊರಟಾಗ ಒಟ್ಟು ಸಂಖ್ಯೆ 369: ಪಶ್ಚಿಮಕ್ಕೆ 112, ಉತ್ತರ ದಕ್ಷಿಣಗಳಿಗೆ 72ರಂತೆ, ಕೇಂದ್ರಕ್ಕೆ 63, ಪೂರ್ವಕ್ಕೆ 50.

ಈ ಐದು ವರ್ಷಗಳಲ್ಲಿ ರಾಜ್ಯದ ಅಧಿಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗಿದೆ. 2023ರ ಮೇ ತಿಂಗಳವರೆಗೆ ಭಾರತೀಯ ಜನತಾ ಪಕ್ಷ, ಆಮೇಲೆ ಕಾಂಗ್ರೆಸ್. ಚುನಾವಣೆಗೆ ಅವಸರಪಟ್ಟವರು ಇಬ್ಬರಲ್ಲಿ ಯಾರೂ ಇಲ್ಲ. ಎಲ್ಲ ವಿಷಯಗಳಲ್ಲಿಯೂ ಪರಸ್ಪರ ವಿರುದ್ಧವಾಗಿ ಮಾತನಾಡುವ ಎರಡು ಪಕ್ಷಗಳು ಒಂದು ವಿಷಯದಲ್ಲಿ ಮಾತ್ರ ಮೌನವಾಗಿ ಒಮ್ಮತಕ್ಕೆ ಬಂದರೆ, ಅಲ್ಲಿ ಏನೋ ಕಾರಣ ಇರಲೇಬೇಕು. ಚುನಾವಣೆಯನ್ನು ಅವಧಿಯೊಳಗೇ ಮುಗಿಸಬೇಕು, ಪಟ್ಟಿ ಪರಿಷ್ಕರಣ ಮುಂತಾದ ನೆಪಗಳು ಸಲ್ಲವು ಎಂದು ಸುಪ್ರೀಂ ಕೋರ್ಟು ಅಹಮದಾಬಾದ್ ಪಾಲಿಕೆಯ ಕಿಷನ್ ಸಿಂಗ್ ತೋಮರ್ ಮೊಕದ್ದಮೆಯಲ್ಲಿ 2006ರಷ್ಟು ಹಿಂದೆಯೇ ಹೇಳಿತ್ತು. ವಿಚಿತ್ರವೆಂದರೆ ಅದೇ 2006ರ ನವೆಂಬರಿನಲ್ಲಿ ಬೆಂಗಳೂರಿನ ಅಂದಿನ ಪಾಲಿಕೆಯ ಅವಧಿ ಮುಗಿದು, ಮುಂದಿನ ಚುನಾವಣೆ ನಡೆಯಲು 2010ರ ಮಾರ್ಚಿಯವರೆಗೆ ಕಾಯಬೇಕಾಯಿತು. ನಾವೊಬ್ಬರೇ ಹೀಗೆಂದು ನಾಚಿಕೊಳ್ಳಬೇಕಾಗಿಲ್ಲ. ಚೆನ್ನೈ ನಗರ 2016ರಿಂದ 2022ರವರೆಗೆ ಚುನಾಯಿತ ಸಭೆಯಿಲ್ಲದೆಯೇ ಇತ್ತು. ಮುಂಬಯಿಯಲ್ಲಿ 2022ರ ಮಾರ್ಚಿಯಲ್ಲಿ ಅವಧಿ ಮುಗಿದು 2026ರ ಜನವರಿಯಲ್ಲಿ ಮತದಾನವಾಯಿತು. ದೊಡ್ಡ ಊರುಗಳಿಗೆಲ್ಲ ಅಂಟಿಕೊಂಡ ರೋಗ ಇದು.

ಕಾರಣವನ್ನು ಹುಡುಕುವ ಮೊದಲು ಹೊಸ ನಕ್ಷೆಯನ್ನು ಸ್ವಲ್ಪ ನೋಡೋಣ. ನಮ್ಮ ಹಳೆಯ ಬಡಾವಣೆಗಳ ಮಟ್ಟಿಗೆ ಅದು ಸ್ವಾರಸ್ಯವಾಗಿದೆ.

1862ರಲ್ಲಿ ಬೆಂಗಳೂರು ಪೇಟೆಗೆ ಪುರಸಭೆ ಬಂದಿತು. ದಂಡು ಪ್ರದೇಶಕ್ಕೆ ಬೇರೆಯದೇ ಪುರಸಭೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪೇಟೆಯ ಪುರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರು 1935ರಲ್ಲಿ ಕಟ್ಟಿದ ಪುರಭವನಕ್ಕೆ ಇಂದಿಗೂ ಇದೆ. ಪೇಟೆಯ ಪಕ್ಕದಲ್ಲಿ 1892ರಲ್ಲಿ ಚಾಮರಾಜಪೇಟೆ ಏರ್ಪಟ್ಟಿತು. 1898ರ ಪ್ಲೇಗು ಮಾರಿ ಪೇಟೆಯ ಇಕ್ಕಟ್ಟಾದ ಓಣಿಗಳಿಂದ ಜನರನ್ನು ಓಡಿಸಿದಾಗ ದಕ್ಷಿಣಕ್ಕೆ ಬಸವನಗುಡಿಯೂ ವಾಯವ್ಯಕ್ಕೆ ಮಲ್ಲೇಶ್ವರವೂ ಬೆಳೆದುವು. ಒಂದು ಊರಿನ ಒಂದೇ ಕಷ್ಟಕಾಲದಲ್ಲಿ ಬೆಳೆದ ಅವಳಿ ಮಕ್ಕಳು ಇವು; ಎರಡಕ್ಕೂ ಅಗಲವಾದ ಅಡ್ಡರಸ್ತೆಗಳು, ಎರಡಕ್ಕೂ ಹಳೆಯದೊಂದು ದೇವಾಲಯದ ಹೆಸರು, ಈಗೀಗ ಎರಡರಲ್ಲೂ ಕಡಲೆಕಾಯಿ ಪರಿಷೆ. 1949ರ ಕಾಯಿದೆಯಿಂದ ಪೇಟೆ ಮತ್ತು ದಂಡುಗಳ ಪುರಸಭೆಗಳೆರಡೂ ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು; ಐವತ್ತು ಡಿವಿಜನ್ನುಗಳು, ಎಪ್ಪತ್ತು ಸದಸ್ಯರು. ಮೊದಲ ಚುನಾವಣೆ 1950ರಲ್ಲಿ.

ಅಂದು ಎರಡು ಒಂದಾದುವು. 2025ರಲ್ಲಿ ಒಂದು ಐದಾಯಿತು. ಹೊಸ ಗೆರೆಗಳು ಹಳೆಯ ಗೆರೆಗಳ ಮೇಲೆ ಬಿದ್ದಿಲ್ಲ. ಚಾಮರಾಜಪೇಟೆ, ಚಿಕ್ಕಪೇಟೆ, ಗಾಂಧಿನಗರ ಕ್ಷೇತ್ರಗಳು ಶಿವಾಜಿನಗರ, ಶಾಂತಿನಗರ, ಸಿ. ವಿ. ರಾಮನ್‌ನಗರ ಕ್ಷೇತ್ರಗಳೊಡನೆ ಕೇಂದ್ರ ಪಾಲಿಕೆಯಲ್ಲಿವೆ. ಎಂದರೆ ಪೇಟೆಯೂ ದಂಡೂ ಕೂಡಿದ 1949ರ ಮದುವೆ ಅಲ್ಲಿ ಉಳಿದಿದೆ. ಬಸವನಗುಡಿ, ಮಲ್ಲೇಶ್ವರ ಕ್ಷೇತ್ರಗಳು ಮಾತ್ರ ತಾಯಿಮನೆಯಾದ ಪೇಟೆಯನ್ನು ಬಿಟ್ಟು, ರಾಜಾಜಿನಗರ, ವಿಜಯನಗರ, ಗೋವಿಂದರಾಜನಗರ, ಮಹಾಲಕ್ಷ್ಮಿ ಬಡಾವಣೆಗಳ ಜೊತೆಗೆ ಪಶ್ಚಿಮ ಪಾಲಿಕೆಗೆ ಸೇರಿವೆ. ಚಾಮರಾಜಪೇಟೆಯಿಂದ ಗಾಂಧಿ ಬಜಾರಿಗೆ ನಡೆದುಹೋಗುವವನು ಇನ್ನು ಮುಂದೆ ಒಂದು ಪಾಲಿಕೆಯನ್ನು ಬಿಟ್ಟು ಇನ್ನೊಂದನ್ನು ಪ್ರವೇಶಿಸುತ್ತಾನೆ. ಅವನ ಚಪ್ಪಲಿಗೆ ಅದು ತಿಳಿಯುವುದಿಲ್ಲ. ಜನ ಬಸವನಗುಡಿಯ ಭಾಗವೆಂದೇ ಭಾವಿಸುವ ವಿಶ್ವೇಶ್ವರಪುರವು ಚಿಕ್ಕಪೇಟೆ ಕ್ಷೇತ್ರದಲ್ಲಿರುವುದರಿಂದ ಅದೂ ಕೇಂದ್ರಕ್ಕೇ. ಲೋಕಸಭೆಯ ಲೆಕ್ಕದಲ್ಲಾದರೋ ಬಸವನಗುಡಿ ದಕ್ಷಿಣಕ್ಕೆ, ಮಲ್ಲೇಶ್ವರ ಉತ್ತರಕ್ಕೆ, ಚಾಮರಾಜಪೇಟೆ ಕೇಂದ್ರಕ್ಕೆ. ಮೂರು ಬಡಾವಣೆಗಳಿಗೆ ಮೂವರು ಸಂಸದರು. ಒಬ್ಬ ಸಂಸದನನ್ನು ಹಂಚಿಕೊಳ್ಳದ ಬಸವನಗುಡಿ ಮಲ್ಲೇಶ್ವರಗಳು ಒಬ್ಬ ಮೇಯರನ್ನು ಹಂಚಿಕೊಳ್ಳಬೇಕಾಗಿದೆ.

ಪಕ್ಷಗಳ ಲೆಕ್ಕಾಚಾರ ಹುಟ್ಟುವುದು ಇಲ್ಲಿಯೇ. 2010ರಲ್ಲಿ 198 ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ 111, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾ ದಳಕ್ಕೆ 15 ಬಂದಿದ್ದುವು. 2015ರಲ್ಲಿ ಕ್ರಮವಾಗಿ 100, 76, 14. ಇಡೀ ಊರನ್ನು ಒಂದೇ ತಕ್ಕಡಿಯಲ್ಲಿ ತೂಗಿದಾಗ ಬಂದ ಫಲ ಇದು. ಐದು ತಕ್ಕಡಿಗಳಾದಾಗ ಒಂದರ ಗೆಲವು ಇನ್ನೊಂದರ ಸೋಲನ್ನು ಮುಚ್ಚಲಾರದು. 2023ರ ವಿಧಾನಸಭಾ ಚುನಾವಣೆಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ಕೇಂದ್ರ ಪಾಲಿಕೆಯ ಆರು ಕ್ಷೇತ್ರಗಳಲ್ಲಿ ನಾಲ್ಕನ್ನು ಕಾಂಗ್ರೆಸ್ ಗೆದ್ದಿತ್ತು. ಪಶ್ಚಿಮದ ಹೆಚ್ಚಿನ ಕ್ಷೇತ್ರಗಳನ್ನು ಭಾರತೀಯ ಜನತಾ ಪಕ್ಷ ಗೆದ್ದಿತ್ತು. ಆದ್ದರಿಂದ ಒಂದೇ ಊರಿನಲ್ಲಿ ಬೇರೆ ಬೇರೆ ಪಕ್ಷಗಳ ಮೇಯರುಗಳು ಕೂರುವ ಸಂಭವ ಮೊಟ್ಟಮೊದಲ ಬಾರಿಗೆ ಉಂಟಾಗಿದೆ. ಇದು ಕೆಟ್ಟದ್ದೆಂದು ನಾನು ತಿಳಿಯುವುದಿಲ್ಲ. ಚಾಮರಾಜಪೇಟೆಯ ಕಸ ಹೊತ್ತಿಗೆ ಸರಿಯಾಗಿ ಹೋಗಿ ಬಸವನಗುಡಿಯ ಕಸ ಬೀದಿಯಲ್ಲೇ ಉಳಿದರೆ (ಅಥವಾ ಅದರ ತಿರುಗುಮುರುಗಾದರೆ), ಆ ಹೋಲಿಕೆಯನ್ನು ಮಾಡುವುದಕ್ಕೆ ಮತದಾರನಿಗೆ ಪತ್ರಿಕೆ ಬೇಕಾಗಿಲ್ಲ. ರಸ್ತೆ ದಾಟಿದರೆ ಸಾಕು.

ಆದರೂ ಸ್ಥಾನಗಳ ಸಂಖ್ಯೆಯೇ ಎಲ್ಲವೂ ಅಲ್ಲ. 2015ರಲ್ಲಿ 198ರಲ್ಲಿ 100 ಎಂದರೆ ಸ್ಪಷ್ಟ ಬಹುಮತ. ಹಾಗಿದ್ದರೂ ಅಂದು ಮೇಯರ್ ಆದವರು ಕಾಂಗ್ರೆಸ್ಸಿನ ಬಿ. ಎನ್. ಮಂಜುನಾಥ ರೆಡ್ಡಿಯವರು. ಮೇಯರ್ ಚುನಾವಣೆಯಲ್ಲಿ ಊರಿನ ಶಾಸಕರಿಗೂ ಸಂಸದರಿಗೂ ಮತವಿತ್ತು. ಕಾಂಗ್ರೆಸ್ಸೂ ಜನತಾ ದಳವೂ ಸೇರಿ ಆ ಮತಗಳನ್ನು ಕೂಡಿಸಿಕೊಂಡವು. ಜನ ಆರಿಸಿದ ಸಭೆಯೊಳಗಿನ ಬಹುಮತವನ್ನು ಸಭೆಯ ಹೊರಗಿನಿಂದ ಬಂದವರು ಮಗುಚಿಹಾಕಿದರು ಎಂಬುದು ಇದರ ತಾತ್ಪರ್ಯ. ಕಾನೂನಿಗೆ ವಿರುದ್ಧವಾಗಿ ಏನೂ ನಡೆಯಲಿಲ್ಲ. ಆದರೆ ನಗರಸಭೆಯ ಮನೆಯಲ್ಲಿ ಯಜಮಾನಿಕೆ ಯಾರದು ಎಂಬುದನ್ನು ಆ ದಿನ ತೋರಿಸಿಕೊಟ್ಟಿತು. ಅಲ್ಲದೆ ಆಗ ಮೇಯರ್ ಅವಧಿ ಒಂದೇ ವರ್ಷ. ಐದು ವರ್ಷದಲ್ಲಿ ಐವರು ಮೇಯರುಗಳು ಬಂದು ಹೋದರು. ಇಲಾಖೆಯ ಕಡತಗಳು ಎಲ್ಲಿವೆಯೆಂದು ತಿಳಿಯುವಷ್ಟರಲ್ಲಿ ಹಾರ ಹಾಕಿ ಬೀಳ್ಕೊಡುವ ದಿನ ಬರುತ್ತಿತ್ತು. ಹೊಸ ಕಾಯಿದೆ ಈ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಿದೆ, ಅದು ಒಳ್ಳೆಯದೇ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. 2020ರ ಸೆಪ್ಟೆಂಬರಿನ ನಂತರ ಬೀದಿಯ ದೀಪ ಆರಿಹೋದರೆ, ಚರಂಡಿ ಕಟ್ಟಿಕೊಂಡರೆ, ಉದ್ಯಾನದ ಬೇಲಿ ಮುರಿದರೆ ಜನ ಯಾರ ಬಳಿ ಹೋಗುತ್ತಿದ್ದರು? ಮೊದಲು ಕಾರ್ಪೊರೇಟರ ಮನೆಯ ಜಗುಲಿಯಿತ್ತು. ಅದು ಬರಿದಾದಾಗ ಜನರ ಸಾಲು ಶಾಸಕರ ಕಚೇರಿಯ ಮುಂದೆ ನಿಂತಿತು. ವಾರ್ಡಿನ ಕಾಮಗಾರಿಗಳ ಪಟ್ಟಿ, ಯಾವ ರಸ್ತೆಗೆ ಮೊದಲು ಡಾಂಬರು, ಯಾವುದಕ್ಕೆ ಆಮೇಲೆ, ಯಾವ ಉದ್ಯಾನಕ್ಕೆ ಯಾರ ಹೆಸರು, ಎಲ್ಲವೂ ಶಾಸಕರ ಮಾತಿಗೆ ಹೊಂದಿಕೊಂಡು ನಡೆಯತೊಡಗಿದುವು. ಶಾಸನ ಮಾಡುವುದಕ್ಕಾಗಿ ಆರಿಸಿಬಂದವರು ಚರಂಡಿಯ ಹಲಗೆಗಳನ್ನು ಎಣಿಸುವಂತಾಯಿತು. ಅವರಿಗೆ ಇದು ಹೊರೆಯೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಒಂದು ರಸ್ತೆಯ ಡಾಂಬರು ತರುವಷ್ಟು ಕೃತಜ್ಞತೆಯನ್ನು ಹತ್ತು ಮಸೂದೆಗಳು ತರಲಾರವು. ಎರಡು ಪಕ್ಷಗಳ ಮೌನ ಒಮ್ಮತದ ಕಾರಣ ಇಲ್ಲಿದೆಯೆಂದು ನನ್ನ ಊಹೆ. ಕಾರ್ಪೊರೇಟರ್ ಇಲ್ಲದ ಊರು ಎಲ್ಲ ಪಕ್ಷಗಳ ಶಾಸಕರಿಗೂ ಅನುಕೂಲವಾದ ಊರು.

ಜನರಿಗೆ ಇದರಿಂದ ಆದ ನಷ್ಟವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 2023ರಲ್ಲಿ ಗಾಂಧಿ ಬಜಾರಿನ ಮುಖ್ಯರಸ್ತೆಯನ್ನು ನಡೆದಾಡುವವರಿಗೆ ಅನುಕೂಲವಾಗುವಂತೆ ಹೊಸದಾಗಿ ಕಟ್ಟಲು ಅಗೆದರು. ಉದ್ದೇಶ ಒಳ್ಳೆಯದೇ. ಆದರೆ ಕೆಲಸ ತಿಂಗಳುಗಟ್ಟಲೆ ಎಳೆದಾಗ ಅಂಗಡಿಯವರೂ ಬೀದಿಯ ಬದಿಯಲ್ಲಿ ಹೂ ಹಣ್ಣು ಮಾರುವವರೂ ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಪ್ರತಿಭಟನೆ ಮಾಡಬೇಕಾಯಿತು. ಅದೇ ವರ್ಷದ ಆರಂಭದಲ್ಲಿ ಮಲ್ಲೇಶ್ವರದ ಕಡೆ ಸ್ಯಾಂಕಿ ಕೆರೆಯ ರಸ್ತೆಯನ್ನು ಅಗಲ ಮಾಡಿ ಮೇಲ್ಸೇತುವೆ ಕಟ್ಟುವ ಯೋಜನೆ ಹೊರಟಾಗ ಮರಗಳು ಹೋಗುವುವೆಂದು ನಿವಾಸಿಗಳು ಮಕ್ಕಳೊಡನೆ ಬೀದಿಗಿಳಿದರು. ಎರಡು ಕಡೆಯೂ ಕೇಳುವವರು ಒಂದು ಪಕ್ಷ, ಮಾಡುವವರು ಒಂದು ಪಕ್ಷ. ನಡುವೆ ನಿಂತು ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವ ಅಧಿಕಾರವುಳ್ಳವರು ಯಾರೂ ಇರಲಿಲ್ಲ. ಏಕೆಂದರೆ ಸಭೆಯೇ ಇರಲಿಲ್ಲ. ಕಾರ್ಪೊರೇಟರಿದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ನಾನು ಹೇಳುವುದಿಲ್ಲ. ಕಾರ್ಪೊರೇಟರುಗಳ ಪುಣ್ಯಕಥೆಗಳನ್ನು ಬೆಂಗಳೂರಿನವರು ಬಲ್ಲರು. ಆದರೆ ಬಹಿರಂಗವಾಗಿ ಜಗಳವಾಡುವುದಕ್ಕೆ ಒಂದು ಕಟ್ಟಡ, ಒಂದು ಕಾರ್ಯಸೂಚಿ, ನಡವಳಿಕೆ ಬರೆದಿಡುವ ಒಂದು ಪುಸ್ತಕ ಇರುತ್ತಿತ್ತು. ಅಧಿಕಾರಿಗಳ ಕೊಠಡಿಯಲ್ಲಿ ಆಗುವ ತೀರ್ಮಾನಕ್ಕೂ ಸಭೆಯಲ್ಲಿ ಕೂಗಾಟದ ನಡುವೆ ಆಗುವ ತೀರ್ಮಾನಕ್ಕೂ ಇರುವ ವ್ಯತ್ಯಾಸ ಸಾಮಾನ್ಯವಾದದ್ದಲ್ಲ.

ಹಾಗಾದರೆ ಚುನಾವಣೆ ಆದೊಡನೆ ಶಾಸಕರ ಕೈಯಿಂದ ವಾರ್ಡು ಬಿಟ್ಟುಹೋಗುತ್ತದೆಯೆ? ಇಲ್ಲಿ ಲೆಕ್ಕ ಸ್ವಲ್ಪ ತೊಡಕಾಗಿದೆ. 2015ರಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮತದಾರರಿಗೆ 198 ವಾರ್ಡುಗಳು. ವಾರ್ಡೊಂದಕ್ಕೆ ಸರಾಸರಿ 36–37 ಸಾವಿರ. ಈಗ ಮತದಾರರು ಎಂಬತ್ತು ಲಕ್ಷವನ್ನು ಮೀರಿದ್ದಾರೆ, ವಾರ್ಡುಗಳು 369. ಸರಾಸರಿ 22–24 ಸಾವಿರ. 2015ರಲ್ಲಿ ಮತ ಹಾಕಿದವರು ಅರ್ಧಕ್ಕೂ ಕಡಮೆ. ಈ ಸಲವೂ ಹಾಗೆಯೇ ಆದರೆ ಪೆಟ್ಟಿಗೆಗೆ ಬೀಳುವುದು ಹೆಚ್ಚೆಂದರೆ ಹನ್ನೆರಡು ಸಾವಿರ ಮತ. ಮೂವರು ಬಲವಾದ ಉಮೇದುವಾರರಿದ್ದರೆ ನಾಲ್ಕೈದು ಸಾವಿರ ಮತ ಪಡೆದವರು ಗೆಲ್ಲುತ್ತಾರೆ. ಇಷ್ಟು ಮನೆಗಳನ್ನು ಒಬ್ಬ ಮನುಷ್ಯ ಕಾಲ್ನಡಿಗೆಯಲ್ಲಿಯೇ ಮುಟ್ಟಬಹುದು. ಮಲ್ಲೇಶ್ವರದ ಅಡ್ಡರಸ್ತೆಗಳ ನಿವಾಸಿಗಳ ಸಂಘದವರೋ, ಹನುಮಂತನಗರದ ಶಾಲೆಯ ನಿವೃತ್ತ ಉಪಾಧ್ಯಾಯರೋ ಪಕ್ಷದ ಚೀಟಿಯಿಲ್ಲದೆ ನಿಂತು ಗೆಲ್ಲುವುದು 2015ಕ್ಕಿಂತ ಸುಲಭ. (ಅಂದೂ ಕೆಲವು ಮಂದಿ ಪಕ್ಷೇತರರು ಗೆದ್ದಿದ್ದರು.) ಇದು ಸಣ್ಣ ವಾರ್ಡಿನ ಗುಣ.

ದೋಷವೂ ಅದರಲ್ಲಿಯೇ ಇದೆ. ಬೆಂಗಳೂರಿಗೆ ಸೇರಿದ ವಿಧಾನಸಭಾ ಕ್ಷೇತ್ರಗಳು ಇಪ್ಪತ್ತೆಂಟು. ಹಿಂದೆ ಒಬ್ಬ ಶಾಸಕನ ಕ್ಷೇತ್ರದಲ್ಲಿ ಸುಮಾರು ಏಳು ಮಂದಿ ಕಾರ್ಪೊರೇಟರುಗಳಿದ್ದರೆ ಈಗ ಸುಮಾರು ಹದಿಮೂರು ಮಂದಿ. ಏಳು ಮಂದಿಯಲ್ಲಿ ಒಬ್ಬನಾದರೂ ನಾಳಿನ ಶಾಸಕನಾಗುವಷ್ಟು ಎತ್ತರ ಬೆಳೆಯುತ್ತಿದ್ದ, ಅವನಿಗೆ ಶಾಸಕ ಅಂಜುತ್ತಿದ್ದ. ಹದಿಮೂರು ಮಂದಿ ಸಣ್ಣ ಸಣ್ಣ ಸದಸ್ಯರಲ್ಲಿ ಒಬ್ಬೊಬ್ಬನೂ ಶಾಸಕನಿಗೆ ಸಹಾಯಕನಂತೆ ಆಗಿಬಿಡುವ ಅಪಾಯವಿದೆ. ಪಕ್ಷದ ಉಮೇದುವಾರಿಕೆಯನ್ನು ಕೊಡಿಸುವವರೂ ಶಾಸಕರೇ ಆದಲ್ಲಿ, ಚುನಾವಣೆ ನಡೆದೂ ನಡೆಯದಂತೆ. ಆದ್ದರಿಂದ ಈ ಚುನಾವಣೆಯಲ್ಲಿ ಗಮನಿಸಬೇಕಾದ ಮೊದಲ ಸಂಗತಿ, ಯಾವ ಪಕ್ಷದ ಪಟ್ಟಿ ಎಷ್ಟು ಉದ್ದವಾಗಿದೆ ಎಂಬುದಲ್ಲ. ಆ ಪಟ್ಟಿಯನ್ನು ಯಾರ ಮನೆಯಲ್ಲಿ ಕುಳಿತು ಬರೆದರು ಎಂಬುದು.

ಸದಸ್ಯನ ಕೈಯಲ್ಲಿ ಇರುವುದಾದರೂ ಎಷ್ಟು? ಹಳೆಯ ಪುರಸಭೆಯ ಅಧಿಕಾರವನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತ ಬಂದುದೇ ಬೆಂಗಳೂರಿನ ಪೌರಾಡಳಿತದ ಇತಿಹಾಸ. ಬಡಾವಣೆಗಳನ್ನು ರಚಿಸುವ ಕೆಲಸ 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿಗೆ ಹೋಯಿತು, 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರಕ್ಕೆ. ನೀರೂ ಒಳಚರಂಡಿಯೂ 1964ರಲ್ಲಿ ಜಲಮಂಡಲಿಗೆ ಹೋದುವು. ಬಸ್ಸು, ವಿದ್ಯುತ್ತು, ಮೆಟ್ರೋ ಇವುಗಳಿಗೆಲ್ಲ ಬೇರೆ ಬೇರೆ ಸಂಸ್ಥೆಗಳು. ಕೊನೆಗೆ ಕಸಕ್ಕೂ 2021ರಲ್ಲಿ ಒಂದು ಕಂಪನಿ ಹುಟ್ಟಿತು. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ಬೈಯುವುದು ಕಾರ್ಪೊರೇಟರನ್ನು. ನೀರು ಬಿಡುವವರು ಅವನ ಮಾತು ಕೇಳಬೇಕಾದವರಲ್ಲ. ಹೊಸ ವ್ಯವಸ್ಥೆಯಲ್ಲಿ ಐದು ಪಾಲಿಕೆಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಮುಖ್ಯಮಂತ್ರಿಗಳು ಅದರ ಅಧ್ಯಕ್ಷರು. ಐವರು ಮೇಯರುಗಳು ಅದರ ಸದಸ್ಯರು. ಚದರಿಹೋದ ಸಂಸ್ಥೆಗಳನ್ನು ಒಂದು ಮೇಜಿನ ಸುತ್ತ ತಂದು ಕೂರಿಸುವುದಕ್ಕೆ ಇಂತಹ ಪೀಠ ಬೇಕು ಎಂಬುದನ್ನು ಒಪ್ಪಬಹುದು. ಆದರೆ ಆ ಮೇಜಿನ ತಲೆಯಲ್ಲಿ ಕೂರುವವರು ಊರಿನವರು ಆರಿಸಿದ ಮೇಯರಲ್ಲ, ರಾಜ್ಯದ ಮುಖ್ಯಮಂತ್ರಿ. ರಾಜ್ಯ ಸರ್ಕಾರದ ಪಕ್ಷವೇ ಬೇರೆ, ಮೇಯರಿನ ಪಕ್ಷವೇ ಬೇರೆ ಆದ ದಿನ ಈ ಏರ್ಪಾಡಿನ ನಿಜವಾದ ಪರೀಕ್ಷೆ.

ಹಣದ ಮಾತೂ ಇದೆ. ದಿಲ್ಲಿಯ ಪಾಲಿಕೆಯನ್ನು 2012ರಲ್ಲಿ ಮೂರಾಗಿ ಒಡೆದರು. ದಕ್ಷಿಣದ ಪಾಲಿಕೆಗೆ ತೆರಿಗೆ ಚೆನ್ನಾಗಿ ಬಂತು. ಉತ್ತರ, ಪೂರ್ವದ ಪಾಲಿಕೆಗಳು ನೌಕರರಿಗೆ ಸಂಬಳ ಕೊಡಲು ಒದ್ದಾಡಿದುವು. ಪೌರಕಾರ್ಮಿಕರು ಮತ್ತೆ ಮತ್ತೆ ಮುಷ್ಕರ ಹೂಡಿದರು. 2022ರಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದರು. ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಅತಿ ಹೆಚ್ಚಾಗಿ ಹುಟ್ಟುತ್ತಿದ್ದುದು ಮಹದೇವಪುರದ ಕಡೆ, ತಂತ್ರಾಂಶ ಕಂಪನಿಗಳ ಗಾಜಿನ ಕಟ್ಟಡಗಳಲ್ಲಿ; ಅದೆಲ್ಲ ಐವತ್ತೇ ವಾರ್ಡುಗಳ ಪೂರ್ವ ಪಾಲಿಕೆಗೆ ಸೇರಿತು. 112 ವಾರ್ಡುಗಳ ಪಶ್ಚಿಮಕ್ಕೆ ದೊರೆತದ್ದು ಹೆಚ್ಚಾಗಿ ಹಳೆಯ ಮನೆಗಳು. ಸಂಖ್ಯೆಯಲ್ಲಿ ಹಿರಿಯಣ್ಣ, ಜೇಬಿನಲ್ಲಿ ಅಲ್ಲ. ತನ್ನ ವಾರ್ಡಿಗೆ ಕೆಲಸ ತರಬೇಕಾದ ಬಸವನಗುಡಿಯ ಸದಸ್ಯ ತನ್ನ ಪಾಲಿಕೆಯ ಮೇಯರಿಗಿಂತ ಹೆಚ್ಚಾಗಿ ಮೇಲಿನ ಸರ್ಕಾರದತ್ತ ಕೈ ನೀಡುವಂತಾದರೆ, ಮೇಲೆ ಹೇಳಿದ ಅಧೀನತೆ ಇನ್ನೂ ಒಂದು ಪಟ್ಟು ಬಿಗಿಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಚುನಾವಣೆ ಬೇಕೇ ಬೇಕು ಎನ್ನಲು ನನಗೆ ಎರಡು ಕಾರಣಗಳು ತೋರುತ್ತವೆ.

ಒಂದು, ಸ್ತ್ರೀಯರದು. ಕಾಯಿದೆಯ ಪ್ರಕಾರ ಅರ್ಧ ಸ್ಥಾನಗಳು ಅವರಿಗೆ ಮೀಸಲು. 369ರಲ್ಲಿ ಅರ್ಧವೆಂದರೆ ನೂರ ಎಂಬತ್ತಕ್ಕೂ ಹೆಚ್ಚು ಮಂದಿ. ಬೆಂಗಳೂರಿನ ವಿಧಾನಸಭಾ ಸ್ಥಾನಗಳಲ್ಲಿ ಹೆಂಗಸರನ್ನು ಎಣಿಸಲು ಒಂದು ಕೈಯ ಬೆರಳುಗಳು ಹೆಚ್ಚಾಗುತ್ತವೆ. ಅವರಿಗೆ ತೆರೆದಿರುವ ದೊಡ್ಡ ಬಾಗಿಲು ಇದೊಂದೇ. ಮೀಸಲಾತಿ ವಾರ್ಡಿನಿಂದ ವಾರ್ಡಿಗೆ ತಿರುಗುತ್ತ ಹೋಗುವುದರಿಂದ, ತನ್ನ ವಾರ್ಡು ಕೈತಪ್ಪಿದ ಮುಖಂಡ ಹೆಂಡತಿಯನ್ನು ನಿಲ್ಲಿಸಿ ತಾನೇ ಕಾರುಬಾರು ಮಾಡುತ್ತಾನೆ ಎಂಬ ಆಕ್ಷೇಪಣೆ ಹಳೆಯದು, ಸುಳ್ಳೂ ಅಲ್ಲ. ಆದರೆ ಸಭೆಯಲ್ಲಿ ಹೆಸರು ಕೂಗಿದಾಗ ಏಳಬೇಕಾದವಳು ಅವಳೇ. ಒಂದು ವರ್ಷ ಗಂಡ ಬರೆದುಕೊಟ್ಟದ್ದನ್ನು ಓದಿದವಳು ಎರಡನೆಯ ವರ್ಷ ತನಗೆ ತೋಚಿದ್ದನ್ನು ಮಾತಾಡಿಯಾಳು. ಮೇಲೆ ಹೇಳಿದ ಐವರು ಮೇಯರುಗಳಲ್ಲಿ ಜಿ. ಪದ್ಮಾವತಿ, ಗಂಗಾಂಬಿಕೆ ಎಂಬ ಇಬ್ಬರು ಸ್ತ್ರೀಯರಿದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು, ರಾಜಕೀಯ ಶಿಕ್ಷಣ. ವಾಟಾಳ್ ನಾಗರಾಜ್ 1964ರಲ್ಲಿ ಕಾರ್ಪೊರೇಷನ್ನಿಗೆ ಆರಿಸಿಬಂದವರು. ವಿಧಾನಸಭೆಯ ಸದಸ್ಯರಾದದ್ದು ಆಮೇಲೆ. ಎಸ್. ಸುರೇಶ್ ಕುಮಾರ್ 1983ರಲ್ಲಿ ಕಾರ್ಪೊರೇಟರಾಗಿ ಆರಂಭಿಸಿ ಮುಂದೆ ಮಂತ್ರಿಗಳಾದರು. ಇವರ ಅಭಿಪ್ರಾಯಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಹಣವಾಗಲಿ ಮನೆತನವಾಗಲಿ ಬೆನ್ನಿಗಿಲ್ಲದ ಹುಡುಗನೊಬ್ಬ ಬೀದಿಯ ಕೆಲಸದಿಂದ ಆರಂಭಿಸಿ ವಿಧಾನಸೌಧದ ಮೆಟ್ಟಿಲೇರುವುದಕ್ಕೆ ಬೆಂಗಳೂರಿನಲ್ಲಿ ಇದ್ದ ಏಣಿ ಕಾರ್ಪೊರೇಷನ್ ಒಂದೇ ಆಗಿತ್ತು. 2020ರಿಂದ ಆ ಏಣಿಯನ್ನು ತೆಗೆದು ಗೋಡೆಗೆ ಒರಗಿಸಿಟ್ಟಿದ್ದಾರೆ. ಏಣಿಯಿಲ್ಲದಿದ್ದರೂ ಮೇಲಿನ ಅಂತಸ್ತಿಗೆ ಹೋಗಬಲ್ಲವರು ಅಲ್ಲಿಯೇ ಹುಟ್ಟಿದವರು. ಅವರ ಸಂಖ್ಯೆ ಹೆಚ್ಚುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ನಗರಸಭೆಗೆ ನಿಲ್ಲಲು ಬೇಕಾದ ವಯಸ್ಸು ಇಪ್ಪತ್ತೊಂದು. ಅಂದರೆ ನಮ್ಮ ಅಂತಿಮ ವರ್ಷದ ತರಗತಿಯಲ್ಲಿ ಕುಳಿತಿರುವ ಕೆಲವರು ಈ ವಿಧಿಯನ್ನು ಪರೀಕ್ಷೆಗೆ ಓದುತ್ತಿರುವಾಗಲೇ ಉಮೇದುವಾರರೂ ಆಗಬಹುದು. ವಿಧಾನಸಭೆಗಾದರೆ ಇಪ್ಪತ್ತೈದರವರೆಗೆ ಕಾಯಬೇಕು.

ನಮ್ಮಲ್ಲಿ ಅನೇಕರು ಹೊರ ಜಿಲ್ಲೆಗಳಿಂದ ಬಂದು ವಿದ್ಯಾರ್ಥಿನಿಲಯಗಳಲ್ಲಿಯೂ ಬಾಡಿಗೆಯ ಕೊಠಡಿಗಳಲ್ಲಿಯೂ ಇರುವವರು. ಬೆಂಗಳೂರಿನ ಚುನಾವಣೆ ತಮಗೆ ಸಂಬಂಧಿಸಿದ್ದಲ್ಲವೆಂದು ಅವರು ತಿಳಿದಿರುವುದುಂಟು. ಓದುವ ಊರಿನಲ್ಲಿ ವಾಸವಾಗಿರುವ ವಿದ್ಯಾರ್ಥಿ ತನ್ನ ಹೆಸರನ್ನು ಅಲ್ಲಿಯ ಮತದಾರರ ಪಟ್ಟಿಗೆ ಸೇರಿಸಿಕೊಳ್ಳಬಹುದು. ಎರಡು ಕಡೆ ಇರಬಾರದು, ಅಷ್ಟೆ. ರಾತ್ರಿ ಗ್ರಂಥಾಲಯದಿಂದ ಹಿಂತಿರುಗುವಾಗ ದೀಪವಿಲ್ಲದ ಬೀದಿ ಅವರದೂ ಹೌದು.

ವೃಷಭಾವತಿಯೆಂಬ ನಮ್ಮ ಊರಿನ ನದಿ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುತ್ತದೆಂದು ಹಿರಿಯರು ಹೇಳುತ್ತಾರೆ; ಅದರ ಇನ್ನೊಂದು ಕವಲು ಕಾಡುಮಲ್ಲೇಶ್ವರನ ಸನ್ನಿಧಿಯಿಂದ ಬರುತ್ತದೆ. ಎರಡೂ ಕೂಡಿ ಮೈಸೂರು ರಸ್ತೆಯ ಬದಿಯಲ್ಲಿ ಹರಿಯುವುದನ್ನು ಬಸ್ಸಿನಲ್ಲಿ ಹೋಗುವವರು ಕಣ್ಣಿಗಿಂತ ಮೊದಲು ಮೂಗಿನಿಂದ ಗುರುತಿಸುತ್ತಾರೆ. ಒಳಚರಂಡಿ ಜಲಮಂಡಲಿಯದು, ಮಳೆನೀರಿನ ಕಾಲುವೆ ಪಾಲಿಕೆಯದು, ನದಿ ಯಾರದೂ ಅಲ್ಲ. ಬಸವನಗುಡಿಯ ಸದಸ್ಯರೂ ಮಲ್ಲೇಶ್ವರದ ಸದಸ್ಯರೂ ಪಶ್ಚಿಮ ಪಾಲಿಕೆಯ ಸಭೆಯಲ್ಲಿ ಜೊತೆಯಾಗಿ ಕುಳಿತಾಗ ಅವರ ಮುಂದೆ ಬರುವ ಮೊದಲ ವರ್ಷದ ಆಯವ್ಯಯದಲ್ಲಿ ಇದಕ್ಕೊಂದು ಸಾಲು ಇದೆಯೋ ಇಲ್ಲವೋ ನೋಡಬೇಕು. ಆ ಸಾಲನ್ನು ಸೇರಿಸಿರೆಂದು ಎದ್ದು ಕೇಳುವ ಸದಸ್ಯ ಯಾವ ಪಕ್ಷದವನಾದರೂ ಚಿಂತೆಯಿಲ್ಲ. ಕೇಳುವ ಮೊದಲು ಅವನು ಶಾಸಕರ ಕಡೆ ತಿರುಗಿ ನೋಡುತ್ತಾನೆಯೇ ಎಂಬುದನ್ನು ಮಾತ್ರ ನಾನು ಗಮನಿಸುತ್ತಿರುತ್ತೇನೆ.